ಮೊದಲು ಒಣ ಬಟ್ಟೆ, ಆಮೇಲೆ ನೀರು

ನಮ್ಮ ಕಡೆ ದೂಳಿಗೆ ಬಣ್ಣ ಇದೆ. ಸಂಡೂರಿನ ದಿಕ್ಕಿನಿಂದ ಬಳ್ಳಾರಿಗೆ ಬರುವುದು ಕೆಂಪು, ಅದು ಕಬ್ಬಿಣದ ಅದಿರು. ಕುಡತಿನಿಯ ವಿದ್ಯುತ್ ಸ್ಥಾವರದ ಹತ್ತಿರ ಇರುವವರಿಗೆ ಸಿಗುವುದು ಬೂದಿ. ಜೀನ್ಸ್ ಹೊಲಿಯುವ ಓಣಿಗಳಲ್ಲಿ ಫ್ಯಾನಿನ ರೆಕ್ಕೆಗೆ ನೀಲಿ ನೂಲಿನ ಎಳೆ ಅಂಟಿರುತ್ತದೆ. ರಾಯಚೂರಿನ ಶಕ್ತಿನಗರದವರದ್ದೂ ಬೂದಿಯೇ, ಕೊಪ್ಪಳದ ಗಿಣಿಗೇರಾದವರದ್ದು ಕರಿ ದೂಳು. ಮದುವೆ ಮನೆಯಲ್ಲಿ ಇವರೆಲ್ಲ ಒಂದು ಕಡೆ ಸೇರಿದರೆ, ಯಾರ ದೂಳು ಜಾಸ್ತಿ ಕೆಟ್ಟದ್ದು ಅನ್ನುವ ವಾದ ಊಟಕ್ಕೆ ಕೂತರೂ ಮುಗಿಯುವುದಿಲ್ಲ. ತಮ್ಮ ಊರಿನ ದೂಳನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ!

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಲಾರಿಗಳು ನಿಂತವು. ಕೆಲಸ ಹೋದವರ ಸಂಕಟ ಬೇರೆ ಮಾತು, ಅದನ್ನು ಇಲ್ಲಿ ಹಗುರ ಮಾಡುವುದು ಬೇಡ. ಆದರೆ ರಸ್ತೆ ಬದಿಯ ಮನೆಯವರು ಬಿಳಿ ಪರದೆ ಕೊಳ್ಳುವ ಧೈರ್ಯ ಮಾಡಿದ್ದು ಆಗಲೇ. ಮುಂದೆ ಗಣಿಗಳು ಒಂದೊಂದಾಗಿ ಮತ್ತೆ ಬಾಗಿಲು ತೆರೆದವು. ಪರದೆಗಳೂ ಮತ್ತೆ ಕಾಫಿ ಬಣ್ಣಕ್ಕೆ ಬಂದವು.

ಹಿಂದೆ ಮಹಾನವಮಿಗೆ ಮುಂಚೆ ಮನೆ ತೊಳೆಯುವುದೆಂದರೆ ಇಡೀ ಮನೆತನದ ಕೆಲಸ. ಕೌದಿ, ಚಾದರ, ದಿಂಬಿನ ಚೀಲ ಎಲ್ಲ ಗಂಟು ಕಟ್ಟಿಕೊಂಡು ಕಾಲುವೆಗೆ ಹೋಗುತ್ತಿದ್ದರು. ಒದ್ದೆ ಕೌದಿ ಹಿಂಡಲು ಎರಡೂ ತುದಿಗೆ ಒಬ್ಬೊಬ್ಬ ಗಟ್ಟಿ ಆಳು ಬೇಕು. ಈಗ ಮನೆಯಲ್ಲಿ ಇರುವವರು ಇಬ್ಬರು, ಅದರಲ್ಲಿ ಒಬ್ಬರಿಗೆ ಸೊಂಟ ನೋವು. ಹಾಗಾಗಿ ಫೋನ್ ಎತ್ತಿ ‘ಡೀಪ್ ಕ್ಲೀನಿಂಗ್’ ಮಾಡುವವರನ್ನು ಕರೆಯುವ ಕಾಲ ನಮ್ಮೂರಿಗೂ ಬಂದಿದೆ.

ಫೋನಿನಲ್ಲಿ ಅವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಬಿಎಚ್‌ಕೆ ಮೇಡಂ?" ಹೊಸ ಲೇಔಟಿನವರಿಗೆ ಇದು ಸುಲಭ. ಹಳೆ ಮನೆಯವರು ಏನು ಹೇಳಬೇಕು? ಪಡಸಾಲೆ ಹಾಲ್ ಆಗುತ್ತದೆ, ಸರಿ. ನೆಲ್ಲಿನ ಚೀಲ ಇಟ್ಟ ಕೋಣೆ ಬೆಡ್‌ರೂಮಾ? ಹಂಡೆ ಹೂತ ಬಚ್ಚಲು ಬಾತ್‌ರೂಮಿನ ಲೆಕ್ಕಕ್ಕೆ ಬಂದರೆ, ಅದರ ಗೋಡೆಗೆ ಕಟ್ಟಿರುವ ಮಸಿ ಯಾವ ಪ್ಯಾಕೇಜಿನಲ್ಲಿ ಬರುತ್ತದೆ? ಒಬ್ಬಾತ ಇದನ್ನೆಲ್ಲ ಕೇಳಿಸಿಕೊಂಡು, "ಮೇಡಂ, ನಾನೇ ಬಂದು ನೋಡಿ ರೇಟ್ ಹೇಳ್ತೀನಿ" ಅಂದ. ನನ್ನ ಪಟ್ಟಿಯಲ್ಲಿ ಅವನಿಗೆ ಅಲ್ಲೇ ಒಂದು ಅಂಕ ಬಿತ್ತು. ಮನೆ ನೋಡದೆ ಫೋನಿನಲ್ಲೇ ದರ ಮುಗಿಸುವವರು, ಬಂದ ಮೇಲೆ ಕಿಟಕಿಯ ಜಾಲರಿಗೆ ಬೇರೆ, ಬೀರುವಿನ ಒಳಗಡೆಗೆ ಬೇರೆ, ಚಿಮಣಿಗೆ ಬೇರೆ ಅಂತ ಶುರು ಮಾಡುತ್ತಾರೆ.

ಆದರೆ ನನ್ನ ನಿಜವಾದ ಪರೀಕ್ಷೆ ಒಂದೇ ಪ್ರಶ್ನೆಯದ್ದು. "ನಮ್ಮ ಕಿಟಕಿ ಸಂದಿಯ ದೂಳು ಹ್ಯಾಗೆ ತೆಗೀತೀರಪ್ಪಾ?" ನೀರು ಹೊಡೆದು ತೊಳೀತೀವಿ ಅಂದರೆ ಫೇಲು. ಅದಿರಿನ ದೂಳು ಭಾರ. ಮರಳಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಗುತ್ತದೆ. ಗಾಳಿ ನಿಂತ ಕೂಡಲೇ ಕಿಟಕಿಯ ಹಳಿಯಲ್ಲಿ, ಸ್ವಿಚ್ ಬೋರ್ಡಿನ ತಲೆ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಕೂತುಬಿಡುತ್ತದೆ. ಅದರ ಮೇಲೆ ಒಮ್ಮೆಲೇ ನೀರು ಬಿದ್ದರೆ ಹೊಸ್ತಿಲಿಗೆ ಕೆಮ್ಮಣ್ಣು ಬಳಿದ ಹಾಗೆ ಗೋಡೆಗೆಲ್ಲ ಇಳಿಯುತ್ತದೆ. ಕೆಮ್ಮಣ್ಣಿಗೂ ಆ ಬಣ್ಣ ಕಬ್ಬಿಣದಿಂದಲೇ ಬಂದದ್ದು ಅಲ್ವಾ, ಬಿಳಿ ಸುಣ್ಣದ ಗೋಡೆಯನ್ನು ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೊದಲು ಮೆಷಿನ್ ಹಿಡಿದು ಹೀರಬೇಕು. ಮೆಷಿನ್ ಮುಟ್ಟದ ಸಂದಿಗೆ ಒಣ ಬ್ರಷ್, ಒಣ ಬಟ್ಟೆ. ಅದೂ ಮೇಲಿನಿಂದ ಕೆಳಕ್ಕೆ. ನೀರು ಕೊನೆಗೆ. ಇಷ್ಟು ಗೊತ್ತಿದ್ದವರಿಗೆ ಉಳಿದ ಕೆಲಸ ನಾನು ಹೇಳಿಕೊಡಬೇಕಾಗಿಲ್ಲ. ಗೊತ್ತಿಲ್ಲದವರ ಟೀ ಶರ್ಟಿನ ಮೇಲೆ ಎಷ್ಟು ಚಂದದ ಲೋಗೋ ಇದ್ದರೇನು?

ಇನ್ನೊಂದು ಗಂಡಾಂತರ ಆಸಿಡ್. ನಮ್ಮ ಓಣಿಯ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಪಡಸಾಲೆಗೆ ಹಳೆಯ ಶಹಾಬಾದ್ ಬಂಡೆ ಹಾಕಿದ್ದರು. ನಾಲ್ಕು ತಲೆಮಾರಿನ ಕಾಲು ತಾಗಿ ನುಣುಪಾಗಿದ್ದ ಬಂಡೆ. ತೊಳೆಯಲು ಬಂದ ಹುಡುಗ ಪಾಯಿಖಾನೆ ತೊಳೆಯುವ ಆಸಿಡ್ಡನ್ನೇ ಬಕೆಟ್ ನೀರಿಗೆ ಬೆರೆಸಿ ಸುರಿದ. ಬುಸ್ ಅಂತ ನೊರೆ ಎದ್ದಿತು. "ನೋಡ್ರಿ, ಎಷ್ಟು ಹೊಲಸು ಇತ್ತು!" ಅಂತ ಅವನಿಗೆ ಖುಷಿಯೋ ಖುಷಿ. ಹೋಗುತ್ತಿದ್ದದ್ದು ಹೊಲಸಲ್ಲ, ಬಂಡೆ. ಶಹಾಬಾದ್ ಬಂಡೆ ಸುಣ್ಣದ ಕಲ್ಲು, ಅಡುಗೆಮನೆ ಕಟ್ಟೆಗೆ ಹಾಕುವ ಕಡಪಾ ಕಲ್ಲು ಕೂಡ ಅದೇ ಜಾತಿ, ಬಿಳಿ ಮಾರ್ಬಲ್ಲಿನದೂ ಅದೇ ಗುಣ. ಆಸಿಡ್ ಬಿದ್ದರೆ ಸುಣ್ಣ ಕರಗಿ ಗುಳ್ಳೆ ಬರುತ್ತದೆ. ನೀರು ಒಣಗಿದ ಮೇಲೆ ನೋಡಿದರೆ ನೆಲದ ಹೊಳಪು ಹೋಗಿ, ಅಲ್ಲಲ್ಲಿ ಬಿಳಚಿಕೊಂಡ ಮಚ್ಚೆ. ಮತ್ತೆ ಪಾಲಿಶ್ ಮಾಡಿಸದೆ ಅದು ಸರಿಹೋಗುವುದಿಲ್ಲ. ಗ್ರಾನೈಟ್ ಆದರೆ ತಡೆದುಕೊಳ್ಳುತ್ತದೆ. ಅದಕ್ಕೇ ಬಂದವರು ನೆಲ ನೋಡಿ "ಇದು ಯಾವ ಕಲ್ಲು?" ಅಂತ ಕೇಳಿದರೆ ನನಗೆ ಅವರ ಮೇಲೆ ಗೌರವ ಬರುತ್ತದೆ. ನಲ್ಲಿಯ ಮೇಲೆ ಬೋರ್‌ವೆಲ್ ನೀರು ಕಟ್ಟಿದ ಬಿಳಿ ಪೊರೆಗೆ ಇಷ್ಟೆಲ್ಲ ಆಸಿಡ್ ಬೇಕಾಗಿಲ್ಲ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಅದೂ ಸುಣ್ಣವೇ ಆದ್ದರಿಂದ ಸಡಿಲಾಗುತ್ತದೆ. ನಿಂಬೆರಸವನ್ನು ಕಡಪಾ ಕಟ್ಟೆಯ ಮೇಲೆ ಚೆಲ್ಲಬೇಡಿ, ಅಷ್ಟೇ.

ಆಸಿಡ್ಡಿನ ಜೊತೆ ಬ್ಲೀಚಿಂಗ್ ಬೆರೆಸುವ ಮಹಾನುಭಾವರೂ ಇದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಎರವಾಗಬಹುದು. ಕೈಗೆ ಗ್ಲೌಸ್ ಕೊಡದೆ, ಮೂಗಿಗೆ ಮಾಸ್ಕ್ ಕೊಡದೆ ಹುಡುಗರನ್ನು ಬಚ್ಚಲಿಗೆ ಇಳಿಸುವ ಮಾಲೀಕರ ದರ ಎಷ್ಟೇ ಕಡಿಮೆ ಇರಲಿ, ನಾನು ಒಲ್ಲೆ. ತನ್ನ ಕೆಲಸದವರ ಕೈ ನೋಡದವನು ನಮ್ಮ ನೆಲ ನೋಡುತ್ತಾನೆ ಅಂತ ನಂಬುವುದು ಹೇಗೆ?

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಏನೇನು ಮಾಡುತ್ತಾರೆ ಅನ್ನುವುದನ್ನು ವಾಟ್ಸ್‌ಆಪಿನಲ್ಲಿ ಬರೆಸಿಕೊಳ್ಳಿ. ಗಾಜು ಒಡೆದರೆ ಯಾರ ತಲೆಗೆ ಅಂತ ಮೊದಲೇ ಕೇಳಿ. ಪೂರ್ತಿ ಹಣ ಮುಂಗಡ ಕೇಳಿದರೆ ನಮಸ್ಕಾರ ಹೇಳಿ ಕಳಿಸಿ. ಬರುವವರ ಹೆಸರು, ಗುರುತಿನ ಚೀಟಿ ಕೇಳಲು ಸಂಕೋಚ ಬೇಡ. ಜಿಎಸ್‌ಟಿ ಬಿಲ್ ಕೊಡಲಿಲ್ಲ ಅಂತ ಮಾತ್ರ ಯಾರನ್ನೂ ಅನುಮಾನಿಸಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಸೇವೆಯವರಿಗೆ ಸಾಮಾನ್ಯವಾಗಿ ಆ ನೋಂದಣಿ ಕಡ್ಡಾಯ ಇಲ್ಲ. ನಮ್ಮೂರಲ್ಲಿ ಒಳ್ಳೆ ಕೆಲಸ ಮಾಡುವವರು ಎಷ್ಟೋ ಸಲ ಒಂದು ಟಾಟಾ ಏಸ್, ಒಂದು ಏಣಿ, ನಾಲ್ಕು ಜನ, ಅಷ್ಟೇ ಇರುತ್ತಾರೆ.

ಇಷ್ಟೆಲ್ಲ ಆರಿಸಿ ಕರೆದರೂ ಕೊನೆಯ ಸಹಿ ನಮ್ಮ ಮನೆ ಕೆಲಸದಾಕೆಯದ್ದೇ. ಮೆಷಿನ್ನಿನವರು ಬರುತ್ತಾರೆ ಅಂದಾಗ ಆಕೆಯ ಮುಖ ಗಂಟಾಯಿತು. "ನಾ ಬರಾಬರಿ ಮಾಡಂಗಿಲ್ಲೇನ್ರಿ ಅಮ್ಮಾರೆ?" ಅಂದಳು. ದಿನದ ಕಸ ಬೇರೆ, ವರ್ಷದ ದೂಳು ಬೇರೆ, ಏಣಿ ಹತ್ತಿ ನೀನು ಬಿದ್ದರೆ ನನಗ್ಯಾರು ದಿಕ್ಕು ಅಂತ ಸಮಾಧಾನ ಹೇಳಿ, ಆ ದಿನದ ಕೂಲಿ ಕೊಟ್ಟು ಉಸ್ತುವಾರಿಗೆ ಕೂರಿಸಿದೆ. ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಳು ನೋಡಿ! ದೇವರ ಮನೆಗೆ ಯಾರನ್ನೂ ಬಿಡಲಿಲ್ಲ, ಅದು ತನ್ನದು ಅಂದಳು. ಬಚ್ಚಲಿನ ಬಟ್ಟೆ ಅಡುಗೆಮನೆ ಕಡೆ ತಿರುಗಿದ ಕೂಡಲೇ ಹಿಡಿದಳು. ಕೆಲಸ ಮುಗಿದ ಮೇಲೆ ಚೌಕಟ್ಟಿನ ತಲೆ, ನಲ್ಲಿಯ ಹಿಂಬದಿ, ಫ್ಯಾನಿನ ಬಟ್ಟಲು, ಮೂರಕ್ಕೂ ಬೆರಳು ಎಳೆದು ನೋಡಿ, ಬೆರಳನ್ನು ಬೆಳಕಿಗೆ ಹಿಡಿದು, "ಚಲೋ ಮಾಡ್ಯಾರ, ಚಾ ಕೊಡ್ರಿ" ಅಂದಳು. ಆ ಹುಡುಗರಿಗೆ ನನ್ನ ಹೊಗಳಿಕೆಗಿಂತ ಇದೇ ಜಾಸ್ತಿ ಹಿತವಾದಂತೆ ಕಂಡಿತು.

ಯಾವಾಗ ಕರೆಸಬೇಕು ಅನ್ನುವುದೂ ಒಂದು ಲೆಕ್ಕ. ಆಷಾಢದ ಗಾಳಿಯಲ್ಲಿ ಕರೆಸಿದರೆ ಅವರ ಗಾಡಿ ಓಣಿ ದಾಟುವ ಮುಂಚೆಯೇ ಕಿಟಕಿ ಕೆಂಪಗಾಗಿರುತ್ತದೆ. ನವರಾತ್ರಿ ಹತ್ತಿರ ಬಂದರೆ ಯಾರೂ ಸಿಗುವುದಿಲ್ಲ, ಸಿಕ್ಕರೂ ದರ ಏರಿರುತ್ತದೆ. ದೀಪಾವಳಿ ಕಳೆದ ಮೇಲೆ ಚೌಕಾಸಿಗೆ ಬಗ್ಗುತ್ತಾರೆ, ನಿಜ. ಆದರೆ ಊರಿಂದ ಬರುವ ನಾದಿನಿ ನಮ್ಮ ಕಿಟಕಿ ನೋಡುವುದು ಹಬ್ಬಕ್ಕೇ ತಾನೇ? ಪಕ್ಷಮಾಸದಲ್ಲಿ ಶುಭಕಾರ್ಯ ಇಲ್ಲ, ಮನೆ ತೊಳೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಈ ಸಲ ಮಹಾಲಯ ಅಮಾವಾಸ್ಯೆಗೆ ಮುಂಚಿನ ವಾರಕ್ಕೇ ಹೇಳಿಟ್ಟಿದ್ದೇನೆ, ನೂರು ರೂಪಾಯಿ ಕಡಿಮೆಗೆ.