ದೀಪದ ಮೇಲಿನ ದುಡ್ಡು

ಕಳೆದ ವಾರ ಮೂರು ರಾತ್ರಿ ನಿದ್ದೆಗೆಟ್ಟು 1996ರ ಒಂದು ಪೂಲ್ (ಮೇಜಿನ ಮೇಲಿನ ಚೆಂಡುಗಳನ್ನು ಕ್ಯೂ ಎಂಬ ಕೋಲಿನಿಂದ ಹೊಡೆದು ಪಾಕೆಟ್ಟಿಗೆ ಬೀಳಿಸುವ ಆಟ) ಪಂದ್ಯದ ಹಳೆಯ ವಿಡಿಯೊ ನೋಡಿ ಮುಗಿಸಿದೆ. ಗೆದ್ದವನು ಯಾರು, ಎಷ್ಟು ಆಟಗಳಿಂದ ಗೆದ್ದ ಎಂಬುದು ನನಗೆ ಇಪ್ಪತ್ತು ವರ್ಷಗಳಿಂದ ಬಾಯಿಪಾಠ. ಆದರೂ ಕೊನೆಯ ಗಂಟೆಯಲ್ಲಿ ಅಂಗೈ ಒದ್ದೆಯಾಗಿತ್ತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ‘ಮುಗಿದುಹೋದ ಆಟಕ್ಕೆ ಈಗ ಬೆವರಿದರೆ ಏನು ಬಂತು?’ ಎಂದು ಕೇಳಿ ಮಲಗಲು ಹೋದಳು. ಅವಳಿಗೆ ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ದುಡ್ಡು ಕಟ್ಟಿ ಆಡಿದ ಪೂಲ್ ಪಂದ್ಯಗಳ ಕಥೆಗಳನ್ನು ಹುಡುಕಿ ಓದುವ ಚಟ ನನಗೆ ಬಹಳ ಹಿಂದಿನದು. ಹೇಳುವವರೆಲ್ಲ ಮೊದಲು ಹೇಳುವುದು ಮೊತ್ತವನ್ನು: ಒಂದು ರಾತ್ರಿಗೆ ಇಷ್ಟು ಸಾವಿರ, ಒಂದು ಆಟಕ್ಕೆ ಅಷ್ಟು ಸಾವಿರ. ನನಗೆ ಈಗೀಗ ಮೊತ್ತದ ಮೇಲೆ ನಂಬಿಕೆಯೇ ಇಲ್ಲ. ಹೇಳಿದವನ ಬಾಯಲ್ಲಿ ಅದು ವರ್ಷವರ್ಷಕ್ಕೂ ಬೆಳೆಯುತ್ತದೆ. ನಾನು ಕೇಳುವುದು ಒಂದೇ: ಆಟ ನಡೆಯುವಾಗ ದುಡ್ಡು ಎಲ್ಲಿತ್ತು?

ಅಮೆರಿಕದ ಹಳೆಯ ಪೂಲ್ ಹಾಲ್‌ಗಳಲ್ಲಿ ಇದಕ್ಕೊಂದು ರೂಢಿ ಇತ್ತು. ಮೇಜಿನ ಮೇಲೆ ತೂಗುವ ದೀಪ ಇರುತ್ತದಲ್ಲ, ಅದರ ತಗಡಿನ ತಲೆಯ ಮೇಲೆ ಇಬ್ಬರೂ ತಮ್ಮ ನೋಟುಗಳನ್ನು ಇಟ್ಟುಬಿಡುತ್ತಿದ್ದರು. ಗೆದ್ದವನು ಕೈಚಾಚಿ ಎತ್ತಿಕೊಳ್ಳುತ್ತಿದ್ದ. ಅಷ್ಟೇ ವ್ಯವಹಾರ. ಪತ್ರವಿಲ್ಲ, ಸಾಕ್ಷಿಯ ಸಹಿ ಇಲ್ಲ, ನಾಳೆ ಬಾ ಎನ್ನುವಂತಿಲ್ಲ.

ಮೊದಲ ಕಥೆ ನ್ಯೂಯಾರ್ಕಿನದು, 1909. ಅರ್ನಾಲ್ಡ್ ರಾಥ್‌ಸ್ಟೈನ್ ಆಗ ಇಪ್ಪತ್ತೇಳು ವರ್ಷದ ಜೂಜುಗಾರ. ಅವನ ಸೊಕ್ಕು ಮುರಿಯಬೇಕೆಂದು ಬ್ರಾಡ್‌ವೇಯ ಕೆಲವರು ಫಿಲಡೆಲ್ಫಿಯಾದಿಂದ ಜ್ಯಾಕ್ ಕಾನ್ವೇ ಎಂಬ ಆಟಗಾರನನ್ನು ಕರೆತಂದರು. ಪಂದ್ಯ ನಡೆದದ್ದು ಬೇಸ್‌ಬಾಲ್ ತಂಡವೊಂದರ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಅವರ ಬಿಲಿಯರ್ಡ್ಸ್ ಹಾಲ್‌ನಲ್ಲಿ. ಗುರುವಾರ ಸಂಜೆ ಶುರುವಾದದ್ದು ಶುಕ್ರವಾರ ಮುಗಿದರೂ ನಿಲ್ಲಲಿಲ್ಲ. ಕೆಲವರು 32 ಗಂಟೆ ಎನ್ನುತ್ತಾರೆ, ಇನ್ನು ಕೆಲವರು 40ರವರೆಗೂ ಏರಿಸುತ್ತಾರೆ. ಕೊನೆಗೆ ಮೆಕ್‌ಗ್ರಾ ಅವರೇ, ಇನ್ನೂ ಬಿಟ್ಟರೆ ಇಲ್ಲಿ ನಿಮ್ಮಲ್ಲೊಬ್ಬರ ಹೆಣ ಎತ್ತಬೇಕಾದೀತು ಎಂಬರ್ಥದ ಮಾತು ಹೇಳಿ ದೀಪ ಆರಿಸಿದರಂತೆ. ರಾಥ್‌ಸ್ಟೈನ್ ಸಾವಿರಾರು ಡಾಲರ್ ಗೆದ್ದಿದ್ದ. ಕಾನ್ವೇ ಆಟದಲ್ಲಿ ಅವನಿಗಿಂತ ಕಡಿಮೆ ಇದ್ದನೆಂದು ನನಗೆ ಅನ್ನಿಸುವುದಿಲ್ಲ. ಎರಡು ರಾತ್ರಿ ನಿಂತೇ ಇರುವ ಮೊಣಕಾಲು ಯಾರದ್ದು ಎಂಬುದು ಅಲ್ಲಿ ತೀರ್ಮಾನವಾಯಿತು. ರಾಥ್‌ಸ್ಟೈನನ ಹೆಸರು ಊರೆಲ್ಲ ಹಬ್ಬಿದ್ದು ಆ ಶನಿವಾರದಿಂದ.

ಇದೇ ಮನುಷ್ಯನ ಕೊನೆ ನೋಡಿ. 1928ರ ಸೆಪ್ಟೆಂಬರಿನಲ್ಲಿ ದಿನಗಟ್ಟಲೆ ನಡೆದ ಇಸ್ಪೀಟಿನ ಆಟದಲ್ಲಿ ಮೂರು ಲಕ್ಷ ಡಾಲರಿಗೂ ಮೇಲೆ ಸೋತ. ಕೈಯಲ್ಲಿ ಕಾಸಿಲ್ಲದೆ ಬಾಯಿಮಾತಿನ ಮೇಲೆ ಆಡಿದ್ದ. ಆಮೇಲೆ, ಆಟದಲ್ಲಿ ಮೋಸವಿತ್ತು, ಕೊಡುವುದಿಲ್ಲ ಎಂದ. ನವೆಂಬರ್ 4ರ ರಾತ್ರಿ ಹೋಟೆಲೊಂದರಲ್ಲಿ ಅವನಿಗೆ ಗುಂಡು ಬಿತ್ತು, ಎರಡು ದಿನದಲ್ಲಿ ಸತ್ತ. ಆರೋಪ ಹೊತ್ತವನು ಖುಲಾಸೆಯಾದ. ಸಾಲವೇ ಕಾರಣ ಎಂದು ನ್ಯಾಯಾಲಯ ಹೇಳಲಿಲ್ಲ, ಊರು ಹೇಳಿತು. ಎದುರಿಗಿಟ್ಟ ದುಡ್ಡಿನಿಂದ ಹೆಸರು ಗಳಿಸಿದವನು ಎದುರಿಗಿಡದ ದುಡ್ಡಿನ ಜಗಳದ ನಡುವೆ ಹೋದ. ಆ ಇಸ್ಪೀಟಿನ ಮೇಜಿನಲ್ಲಿ ಟೈಟಾನಿಕ್ ಥಾಂಪ್ಸನ್ ಎಂಬ ಜೂಜುಗಾರ ಕೂಡ ಕುಳಿತಿದ್ದ. ಪೂಲ್ ಮೇಜನ್ನು ಮುಟ್ಟದೆ ಹಾರುತ್ತೇನೆಂದು ಬಾಜಿ ಕಟ್ಟಿ, ಹಾರಿ, ಎದುರಿದ್ದವರನ್ನೆಲ್ಲ ಮುಳುಗಿಸಿದ್ದರಿಂದ ಆ ಹೆಸರು ಬಂತಂತೆ. ಅವನ ಬಗ್ಗೆ ಬರೆಯತೊಡಗಿದರೆ ಇನ್ನೊಂದು ಬರಹವಾಗುತ್ತದೆ, ಬಿಡೋಣ.

ಆಡುವವನು ಬೇರೆ, ದುಡ್ಡು ಹಾಕುವವನು ಬೇರೆ ಎಂಬುದೂ ಈ ಲೋಕದ ಸಾಮಾನ್ಯ ಪದ್ಧತಿ. ಹೂಡಿದವನು ಗೋಡೆಗೆ ಒರಗಿ ಸಿಗರೇಟು ಸೇದುತ್ತಿರುತ್ತಾನೆ, ಕ್ಯೂ ಹಿಡಿದವನು ಅವನ ಕುದುರೆ. ಗೆದ್ದರೆ ಪಾಲು, ಸೋತರೆ ಬೈಗುಳ. ಬ್ರೇಕ್ (ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಹೊಡೆಯುವ ಮೊದಲು ಚೌಕಾಸಿ ಬೇರೆ: ನೀನು ನನಗಿಂತ ಗಟ್ಟಿಗ, ಒಂಬತ್ತನೆಯ ಚೆಂಡು ಹಾಕಿದವನು ಗೆಲ್ಲುವ ಆಟದಲ್ಲಿ ಎಂಟನೆಯದನ್ನು ಹಾಕಿದರೂ ನಾನು ಗೆದ್ದಂತೆ ಎನ್ನು, ಹತ್ತಕ್ಕೆ ಎರಡು ಆಟ ಬಿಟ್ಟುಕೊಡು. ಸಂತೆಯಲ್ಲಿ ದನದ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಇದರ ರುಚಿ ಗೊತ್ತಾದೀತು. ಅರ್ಧ ಪಂದ್ಯ ಇಲ್ಲೇ ಮುಗಿದಿರುತ್ತದೆ. ಹಾಗಾಗಿ ತನ್ನ ಆಟವನ್ನು ಬಚ್ಚಿಡುವುದೇ ಜೂಜುಗಾರನ ದೊಡ್ಡ ವಿದ್ಯೆ. ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದನ್ನು ಜನರ ಮುಂದೆ ತೋರಿಸದಿರುವುದೇ ಹೊಟ್ಟೆಪಾಡು. ಇದರಲ್ಲಿ ಜನ ಕಾಣುವ ಮೋಜು ನನಗೆ ಕಾಣುವುದಿಲ್ಲ. ನಮ್ಮ ಕಡೆಯ ಒಬ್ಬ ಒಳ್ಳೆಯ ಹಾಡುಗಾರನಿಗೆ ಬೇಕೆಂದೇ ಶ್ರುತಿ ತಪ್ಪಿ ಹಾಡು ಎಂದ ಹಾಗೆ.

ಇದಕ್ಕೆ ಉಲ್ಟಾ ಮಿನೆಸೋಟ ಫ್ಯಾಟ್ಸ್. ನಿಜವಾದ ಹೆಸರು ರುಡಾಲ್ಫ್ ವಾಂಡರೋನ್, ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1961ರಲ್ಲಿ ‘ದಿ ಹಸ್ಲರ್’ ಚಿತ್ರ ಬಂತು, ಅದರಲ್ಲಿ ಮಿನೆಸೋಟ ಫ್ಯಾಟ್ಸ್ ಎಂಬ ಪಾತ್ರವಿತ್ತು. ಆ ಪಾತ್ರ ನಾನೇ ಎಂದು ಇವನು ಘೋಷಿಸಿಕೊಂಡ. ಕಥೆ ಬರೆದವರು ಅಲ್ಲ ಎಂದರು. ಯಾರು ಕೇಳುತ್ತಾರೆ? ಹೆಸರು ಇವನಿಗೇ ಅಂಟಿತು. ಬಾಯಿ ಅಂದರೆ ಬಾಯಿ. ತಾನು ದುಡ್ಡಿನ ಆಟದಲ್ಲಿ ಸೋತದ್ದೇ ಇಲ್ಲ ಎನ್ನುತ್ತಿದ್ದ. ದೀಪದ ಮೇಲಿನ ನೋಟು ಅದೇ ರಾತ್ರಿ ಜೇಬಿಗೆ ಇಳಿಯುವ ಆಟಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ ಅಲ್ಲವೆನ್ನಲು ಯಾರ ಬಳಿಯೂ ಚೀಟಿ ಇರಲಿಲ್ಲ. ಜೂಜುಗಾರರನ್ನು ಕಂಡರಾಗದ, ಹದಿನೈದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ವಿಲ್ಲಿ ಮಾಸ್ಕೋನಿಗೆ ಇದು ತಡೆಯಲಾಗದ ಕಿರಿಕಿರಿ. 1978ರ ಫೆಬ್ರವರಿ 14ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ ಇಬ್ಬರನ್ನೂ ನಿಲ್ಲಿಸಿದರು. ಫ್ಯಾಟ್ಸ್ ಮಾತನಾಡಿದ, ಮಾಸ್ಕೋನಿ ಗೆದ್ದ. ಆದರೆ ಇವತ್ತು ದಾರಿಹೋಕ ಅಮೆರಿಕನ್ನನನ್ನು ನಿಲ್ಲಿಸಿ ಪೂಲ್ ಆಟಗಾರನೊಬ್ಬನ ಹೆಸರು ಹೇಳು ಎಂದರೆ, ಫ್ಯಾಟ್ಸ್ ಎಂದೇ ಹೇಳುತ್ತಾನೆ ಎಂದು ನಾನು ಬಾಜಿ ಕಟ್ಟಬಲ್ಲೆ. ಮಾಸ್ಕೋನಿಯ ಬಗ್ಗೆ ನನಗೆ ಮರುಕವಿದೆ. ಫ್ಯಾಟ್ಸ್‌ನನ್ನು ದ್ವೇಷಿಸಲೂ ಆಗುವುದಿಲ್ಲ.

ಇಲಿನಾಯ್ ರಾಜ್ಯದ ದಕ್ಷಿಣಕ್ಕೆ ಜಾನ್ಸ್ಟನ್ ಸಿಟಿ ಎಂಬ ಗಣಿಗಾರರ ಪುಟ್ಟ ಊರಿದೆ. 1961ರಿಂದ ಅಲ್ಲಿ ಜಾನ್ಸ್ಕೊ ಸಹೋದರರು ಜೂಜುಗಾರರಿಗೆಂದೇ ಪಂದ್ಯಾವಳಿ ನಡೆಸಿದರು. ಹಗಲಿನದು ನೆಪ, ನಿಜವಾದ ಆಟ ನಡುರಾತ್ರಿಯ ನಂತರದ್ದು. ವರ್ಷಕ್ಕೊಮ್ಮೆ ದೇಶದ ಮೂಲೆಮೂಲೆಯಿಂದ ಕ್ಯೂ ಪೆಟ್ಟಿಗೆ ಹಿಡಿದವರು ಅಲ್ಲಿಗೆ ಬರುತ್ತಿದ್ದರು. ಅಲ್ಲಿ ಮೆರೆದ ಲೂಥರ್ ಲ್ಯಾಸಿಟರ್ ಪಳಗಿದ್ದು ಎರಡನೆಯ ಮಹಾಯುದ್ಧದ ಕಾಲದ ನಾರ್ಫೋಕ್‌ನಲ್ಲಿ. ಅದು ನೌಕಾನೆಲೆಯ ಊರು, ಸಂಬಳ ಕೈಯಲ್ಲಿ ಹಿಡಿದು ನಾಳೆಯ ಯೋಚನೆಯಿಲ್ಲದ ನಾವಿಕರ ಊರು. 1972ರಲ್ಲಿ ಕೇಂದ್ರದ ಅಧಿಕಾರಿಗಳು ಜಾನ್ಸ್ಟನ್ ಸಿಟಿಯ ಮೇಲೆ ದಾಳಿ ಮಾಡಿದರು, ಅಲ್ಲಿಗೆ ಆ ಜಾತ್ರೆ ಮುಗಿಯಿತು.

ಈಗ ನನ್ನ ಮೂರು ರಾತ್ರಿಗಳಿಗೆ ಬರುತ್ತೇನೆ.

ಎಫ್ರೆನ್ ರೇಯಿಸ್ ಫಿಲಿಪೀನ್ಸಿನ ಬಡ ಮನೆಯ ಹುಡುಗ. ಮನಿಲಾದಲ್ಲಿ ಮಾವನ ಪೂಲ್ ಹಾಲ್‌ನಲ್ಲಿ ಬೆಳೆದ, ರಾತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದ. ಚಿಕ್ಕಂದಿನಲ್ಲೇ ದುಡ್ಡಿಗೆ ಆಡತೊಡಗಿದ. 1985ರಲ್ಲಿ ಅಮೆರಿಕಕ್ಕೆ ಬಂದಾಗ ಅವನ ಹೆಸರು ಅವನಿಗಿಂತ ಮೊದಲೇ ಬಂದಿತ್ತು, ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹ್ಯೂಸ್ಟನ್ನಿನಲ್ಲಿ ಸೀಸರ್ ಮೊರಾಲೆಸ್ ಎಂದು ಹೆಸರು ಬರೆಸಿ ಪಂದ್ಯಾವಳಿಯನ್ನೇ ಗೆದ್ದ. ಬಚ್ಚಿಡುವ ವಿದ್ಯೆ ಅವನಿಗೂ ಗೊತ್ತಿತ್ತು, ಆದರೆ ಬಚ್ಚಿಟ್ಟದ್ದು ಹೆಸರನ್ನು, ಆಟವನ್ನಲ್ಲ ಎಂಬುದು ನನಗೆ ಇಷ್ಟ.

ಅವನ ಎದುರಾಳಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಕೋಪಿಷ್ಠ. ಪ್ರೇಕ್ಷಕ ಕೆಮ್ಮಿದರೂ ತಿರುಗಿ ನೋಡುವವನು, ರೆಫರಿಯ ಜೊತೆ ವಾದಕ್ಕಿಳಿಯುವವನು. ಆದರೆ ಬ್ರೇಕ್ ಹೊಡೆದರೆ ಮೇಜು ಬರಿದಾಗುವವರೆಗೆ ಎದುರಿನವನಿಗೆ ಕುರ್ಚಿಯೇ ಗತಿ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಬ್ಬರಿಗೂ ನೈನ್ ಬಾಲ್, ಅಂದರೆ ಅದೇ ಒಂಬತ್ತನೆಯ ಚೆಂಡಿನ ಆಟದ ಪಂದ್ಯ ಇಟ್ಟರು. ಮೊದಲು 120 ಆಟ ಗೆದ್ದವನಿಗೆ ಒಂದು ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 35 ಲಕ್ಷ ರೂಪಾಯಿ. ಸೋತವನಿಗೆ ಸೊನ್ನೆ. ಮೂರು ದಿನ. ಇದು ಆಯೋಜಕರ ಬಹುಮಾನವೇ ಹೊರತು ಬಾಜಿ ಎಲ್ಲಿ ಎಂದು ಯಾರಾದರೂ ಕೇಳಬಹುದು. ಒಪ್ಪುತ್ತೇನೆ. ಆದರೆ ಎರಡನೆಯವನಿಗೆ ಊಟದ ಖರ್ಚಿಗಾದರೂ ಇರಲಿ ಎನ್ನದ ಈ ಕ್ರೂರ ಲೆಕ್ಕ ಪೂಲ್ ಹಾಲ್‌ನದ್ದೇ.

ರೇಯಿಸ್ ಹಿಂದೆ ಬಿದ್ದ. ಒಂದು ಹಂತದಲ್ಲಿ ಹತ್ತಕ್ಕೂ ಹೆಚ್ಚು ಆಟಗಳಷ್ಟು ಹಿಂದೆ. ನೋಡುತ್ತಾ ನನ್ನ ಕಣ್ಣು ಮೇಜನ್ನು ಬಿಟ್ಟು ಕುರ್ಚಿಯ ಮೇಲೆ ನಿಂತಿತು. ಚೆಂಡು ತಪ್ಪಿದಾಗ ರೇಯಿಸ್ ತಲೆ ಕೆರೆದುಕೊಳ್ಳುತ್ತಾನೆ, ಮನೆಯ ಕೀಲಿ ಎಲ್ಲಿಟ್ಟೆ ಎಂದು ಮರೆತವನ ಹಾಗೆ. ಆಮೇಲೆ ಕೂರುತ್ತಾನೆ. ಎದುರಿನವನು ಒಂದಾದ ಮೇಲೊಂದು ಆಟ ಬಾಚುತ್ತಿದ್ದರೂ ಮುಖದ ಮೇಲೆ ಒಂದು ಗೆರೆಯ ವ್ಯತ್ಯಾಸವಿಲ್ಲ. ಸಾಲಕ್ಕೆ ಆಡಿ, ಉಪವಾಸಕ್ಕೆ ಆಡಿ ಬೆಳೆದವನಿಗೆ ಮಾತ್ರ ಬರುವ ಕುಳಿತುಕೊಳ್ಳುವಿಕೆ ಅದು. ಅವನ ಹೊಡೆತಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. 1995ರಲ್ಲಿ ರೀನೋದಲ್ಲಿ ಇದೇ ಸ್ಟ್ರಿಕ್‌ಲ್ಯಾಂಡ್ ಎದುರು, ಬಿಳಿ ಚೆಂಡು ಮೇಜಿನ ಅಂಚುಗಳಿಗೆ ಬಡಿದು ಝಡ್ ಅಕ್ಷರದಂತೆ ಅಂಕುಡೊಂಕಾಗಿ ಬಂದು ಮರೆಯಲ್ಲಿದ್ದ ಚೆಂಡನ್ನು ಪಾಕೆಟ್ಟಿಗೆ ತಳ್ಳಿದ್ದನ್ನು ಲಕ್ಷಾಂತರ ಜನ ನೋಡಿದ್ದಾರೆ. ನನಗೆ ಅದಕ್ಕಿಂತ ಅವನ ಕೂರುವಿಕೆ ದೊಡ್ಡದು. ಕೊನೆಗೆ 120–117. ಒಟ್ಟು 237 ಆಟ ಆಡಿ, ಮೂರರ ಅಂತರದಲ್ಲಿ ಒಬ್ಬನಿಗೆ ಒಂದು ಲಕ್ಷ, ಇನ್ನೊಬ್ಬನಿಗೆ ಬರಿಗೈ.

ಸ್ಟ್ರಿಕ್‌ಲ್ಯಾಂಡ್‌ಗೆ ಆ ವರ್ಷ ಇನ್ನೊಂದು ಕಥೆಯೂ ಇತ್ತು. ಅದೇ 1996ರಲ್ಲಿ ಡಾಲಸ್‌ನಲ್ಲಿ ಒಂದು ಪಂದ್ಯಾವಳಿ: ಎದುರಾಳಿಗೆ ಅವಕಾಶ ಕೊಡದೆ ಸತತ ಹತ್ತು ಆಟ ಬ್ರೇಕ್ ಹೊಡೆದು ಮುಗಿಸಿದವನಿಗೆ ಹತ್ತು ಲಕ್ಷ ಡಾಲರ್ ಎಂದು ಘೋಷಿಸಿದ್ದರು. ಯಾರಿಗೂ ಆಗದು ಎಂಬ ಧೈರ್ಯದಲ್ಲಿ ವಿಮೆಯನ್ನೂ ಮಾಡಿಸಿದ್ದರು. ಇವನು ಹನ್ನೊಂದು ಮುಗಿಸಿದ. ವಿಮೆಯವರು ತಕರಾರು ತೆಗೆದರು. ವಿಷಯ ವಕೀಲರ ಕೈ ಸೇರಿತು, ಕೊನೆಗೆ ಬಹಿರಂಗಪಡಿಸದ ಮೊತ್ತಕ್ಕೆ ರಾಜಿಯಾಯಿತು. ಹನ್ನೊಂದು ಆಟಕ್ಕೆ ತಗುಲಿದ ಸಮಯ ಎಷ್ಟಿದ್ದೀತು, ದುಡ್ಡಿಗೆ ಅಲೆದ ಸಮಯ ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ.

ರೇಯಿಸ್‌ಗೂ ಇದು ತಪ್ಪಲಿಲ್ಲ. ಕೆವಿನ್ ಟ್ರೂಡೊ ಎಂಬ ಟಿವಿ ಜಾಹೀರಾತಿನ ಮನುಷ್ಯ ಐಪಿಟಿ ಎಂಬ ಪೂಲ್ ಸರಣಿ ಶುರು ಮಾಡಿದ. ಆಟಗಾರರಿಗೆ ಕೋಟು, ದೀಪಾಲಂಕಾರ, ಕೇಳರಿಯದ ಬಹುಮಾನ. 2006ರಲ್ಲಿ ರೀನೋದಲ್ಲಿ ರೇಯಿಸ್ ಫೈನಲ್ ಗೆದ್ದ. ಬಹುಮಾನ ಐದು ಲಕ್ಷ ಡಾಲರ್. ಮೂಲೆಯ ಹಾಲ್‌ಗಳ ಹೊಗೆಯಿಂದ ಪೂಲ್ ಕೊನೆಗೂ ಮರ್ಯಾದೆಯ ಲೋಕಕ್ಕೆ ಬಂತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಂತರ ತಿಳಿದದ್ದು, ಕೊಡಲು ದುಡ್ಡಿಲ್ಲ ಎಂದು. ಕಂತುಗಳಲ್ಲಿ ಕೊಡುತ್ತೇವೆ ಎಂಬ ಮಾತು ಬಂತು. ಹೆಸರು ಮರೆಸಿಕೊಂಡು ಆಡಿದ ಹ್ಯೂಸ್ಟನ್ನಿನಲ್ಲಿ ಅವನನ್ನು ಯಾರೂ ಹೀಗೆ ಕಾಯಿಸಿರಲಿಲ್ಲ. ಟ್ರೂಡೊ ಮುಂದೆ ಬೇರೊಂದು ಪ್ರಕರಣದಲ್ಲಿ ಹತ್ತು ವರ್ಷದ ಜೈಲುಶಿಕ್ಷೆಗೆ ಒಳಗಾದ.

ಜೂಜು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಪಗಡೆಯ ಕಥೆ ಕೇಳಿ ಬೆಳೆದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊಬೈಲಿನ ರಮ್ಮಿಯಲ್ಲಿ ಸಂಬಳ ಕಳೆದುಕೊಂಡು ಬಸ್ಸಿನಲ್ಲಿ ತಲೆ ಹಿಡಿದು ಕುಳಿತವರನ್ನು ನೋಡಿದ್ದೇನೆ. ಅಲ್ಲಿ ಎದುರಿಗೆ ಆಡುವವನು ಮನುಷ್ಯನೋ ಯಂತ್ರವೋ ಎಂಬುದೇ ತಿಳಿಯದು. 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯಿದೆ ಮಾಡಿದಾಗ ನನಗೆ ಬೇಸರವೇನೂ ಆಗಲಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಆ ಹೊಗೆಯ ಹಾಲ್‌ಗಳಲ್ಲಿ ಸೋಲಿಗೊಂದು ಕಣ್ಣಿಗೆ ಕಾಣುವ ಗಾತ್ರವಿತ್ತು, ಅದು ತಲೆಯ ಮೇಲೆ ತೂಗುತ್ತಿತ್ತು.

ನಾನೂ ಒಮ್ಮೆ ಆಡಿದ್ದೇನೆ. ಬೆಂಗಳೂರಿಗೆ ಬಂದ ಹೊಸತು, ಡಿಗ್ರಿ ಎರಡನೆಯ ವರ್ಷ. ಮಹಡಿಯ ಮೇಲಿನ ಒಂದು ಪಾರ್ಲರ್, ಮೂರು ಮೇಜು. ಸೋತವನು ಮೇಜಿನ ಬಾಡಿಗೆ ಕೊಡಬೇಕೆಂಬುದು ಅಲ್ಲಿನ ನಿಯಮ, ಅದಕ್ಕಿಂತ ಹೆಚ್ಚಿನ ಬಾಜಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅಲ್ಲೊಬ್ಬ ವಯಸ್ಸಾದ ಮಾರ್ಕರ್ ಇದ್ದ. ಚೆಂಡು ಜೋಡಿಸುವುದು, ಅಂಕ ಬರೆಯುವುದು, ಗಂಟೆಯ ಲೆಕ್ಕ ಇಡುವುದು ಅವನ ಕೆಲಸ. ಒಂದು ಶನಿವಾರ ನನ್ನ ಓರಗೆಯ ಹುಡುಗನೊಬ್ಬ ಎರಡು ಆಟ ಬೇಕೆಂದೇ ಸೋತು, ಮೂರನೆಯದಕ್ಕೆ ಐನೂರು ಎಂದ. ನಾನು ಹೂಂ ಎಂದೆ. ಮಾರ್ಕರ್ ಮೇಜಿನ ಮೇಲೆ ಕೈಯಿಟ್ಟು ಆಟ ತಡೆದ. ‘ದುಡ್ಡು ಮೊದಲು ಇಲ್ಲಿಡು ತಮ್ಮಾ, ಆಮೇಲೆ ಆಡು’ ಎಂದ. ನನ್ನ ಹತ್ತಿರ ಇದ್ದದ್ದು ಮುನ್ನೂರು. ಉಳಿದದ್ದು ನಾಳೆ ತರುತ್ತೇನೆ ಎಂದೆ. ಅವನು ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ. ಅಪ್ಪ ಕೊಟ್ಟಿದ್ದ ಎಚ್‌ಎಂಟಿ ಗಡಿಯಾರ ಬಿಚ್ಚಿ, ನೋಟುಗಳ ಜೊತೆ ನೀಲಿ ಚಾಕಿನ ಡಬ್ಬಿಯ ಪಕ್ಕ ಇಟ್ಟೆ.

ಆಟ ಹತ್ತು ನಿಮಿಷ ನಡೆದಿರಬಹುದು. ನನಗೆ ಎರಡು ಬಾರಿ ಮಾತ್ರ ಬಗ್ಗುವ ಅವಕಾಶ ಸಿಕ್ಕಿತು. ಆ ಹುಡುಗ ನನ್ನ ಮುನ್ನೂರನ್ನು ಎತ್ತಿಕೊಂಡ, ಗಡಿಯಾರವನ್ನು ಮಾರ್ಕರ್ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಆ ರಾತ್ರಿ ಹಾಸ್ಟೆಲಿನಲ್ಲಿ ಗಂಟೆ ಎಷ್ಟೆಂದು ನೋಡಲು ಎಷ್ಟು ಬಾರಿ ಬರಿಗೈ ಎತ್ತಿದೆನೋ ಲೆಕ್ಕವಿಲ್ಲ. ಮೂರನೆಯ ದಿನ ಗೆಳೆಯನಿಂದ ಸಾಲ ಪಡೆದ ಇನ್ನೂರು ರೂಪಾಯಿ ಒಯ್ದು ಕೊಟ್ಟೆ. ಮಾರ್ಕರ್ ನೋಟುಗಳನ್ನು ಎರಡು ಸಲ ಎಣಿಸಿ ಪಕ್ಕಕ್ಕಿಟ್ಟು, ಜೇಬಿನಿಂದ ಗಡಿಯಾರ ತೆಗೆದು ನನ್ನ ಕೈಗೆ ಹಾಕಿದ. ಸಮಯ ಸರಿಯಾಗಿತ್ತು. ಮೂರು ದಿನವೂ ಅವನು ಅದಕ್ಕೆ ಕೀ ಕೊಟ್ಟಿದ್ದ.