ಪುಟ್ಟ ಮಕ್ಕಳಿಗೆ ಚಿಟ್ಟೆ ಫಾರ್ಮ್ ಟ್ರಿಪ್ ಬೇಕಾ?

ಪರ: ಹುಳಕ್ಕೆ ಹೆದರೋ ಮಗುವೂ ಕೈ ಚಾಚುತ್ತೆ
(ಒಬ್ಬ ಪೋಷಕ)

"ನೀವು ಪರವಾಗಿ ಬರೀರಿ" ಅಂತ ನನ್ನ ಪಾಲಿಗೆ ಬಂತು. ವಿರೋಧ ಬರೀರಿ ಅಂದಿದ್ದರೂ ಬರೆಯುತ್ತಿದ್ದೆನೇನೋ. ಇರಲಿ, ಒಪ್ಪಿಕೊಂಡಾಗಿದೆ.

ಪುಸ್ತಕದಲ್ಲಿ ಮೊಟ್ಟೆ, ಕಂಬಳಿಹುಳ, ಪ್ಯೂಪಾ, ಚಿಟ್ಟೆ ಅಂತ ಬಾಣದ ಗುರುತು ಹಾಕಿ ಚಿತ್ರ ಕೊಟ್ಟಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದು ಯಾರಿಗೆ ನೆನಪಿರುತ್ತೆ? ಮುಚ್ಚಿದ ಜಾಗದಲ್ಲಿ ಚಿಟ್ಟೆಗಳನ್ನು ಹಾರಲು ಬಿಟ್ಟಿರುವ ಫಾರ್ಮಿನಲ್ಲಿ ಅದೃಷ್ಟ ಇದ್ದರೆ ಪ್ಯೂಪಾ ಒಡೆದು ಚಿಟ್ಟೆ ಹೊರಗೆ ಬರುವುದನ್ನೇ ನೋಡಬಹುದು. ರೆಕ್ಕೆ ಆಗ ಒದ್ದೆ ಬಟ್ಟೆ ಥರ ಮುದುಡಿಕೊಂಡಿರುತ್ತದೆ. ಮೈಯಲ್ಲಿರುವ ದ್ರವವನ್ನು ರೆಕ್ಕೆಯ ನರಗಳಿಗೆ ತುಂಬಿ ತುಂಬಿ ಚಿಟ್ಟೆ ಅದನ್ನು ಬಿಡಿಸಿಕೊಳ್ಳುತ್ತದೆ. ಒಣಗಿ ಗಟ್ಟಿಯಾಗುವವರೆಗೂ ಹಾರುವ ಹಾಗಿಲ್ಲ, ಸುಮ್ನೆ ಜೋತಾಡುತ್ತಿರುತ್ತದೆ. ಇದನ್ನು ಕಣ್ಣಾರೆ ನೋಡಿದ ಮಗು ಮರೆಯಲ್ಲ.

ಇನ್ನೊಂದು ವಿಷಯ. ಮೈ ಬೆಚ್ಚಗಾಗದೆ ಚಿಟ್ಟೆ ಹಾರುವುದಿಲ್ಲ. ಮೋಡ ಕವಿದ ದಿನ ಹೊರಗೆ ಹುಡುಕಿದರೆ ಒಂದೂ ಕಾಣಲಿಕ್ಕಿಲ್ಲ. ಫಾರ್ಮಿನ ಒಳಗೆ ಯಾವಾಗಲೂ ಸೆಕೆ ಇಟ್ಟಿರುತ್ತಾರೆ, ಹಾಗಾಗಿ ಹೋದರೆ ಕಂಡೇ ಕಾಣುತ್ತವೆ. ಒಂದು ಕ್ಲಾಸು ಮಕ್ಕಳನ್ನು ಅರ್ಧ ದಿನಕ್ಕೆ ಹೊರಡಿಸುವ ಟೀಚರಿಗೆ ಅದು ದೊಡ್ಡ ಮಾತೇ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಮಕ್ಕಳ ಜೊತೆಗೆ ನಾನೂ ಹೋಗಿದ್ದೆ. ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗ, ಇರುವೆ ಕಂಡರೂ ಬೆಂಚು ಹತ್ತುವವನು. ಚಿಟ್ಟೆ ಹೊರಗೆ ಹೋಗದ ಹಾಗೆ ಅಲ್ಲಿ ಎರಡೆರಡು ಬಾಗಿಲು ಇರುತ್ತದಲ್ಲ, ಆ ಎರಡರ ನಡುವೆ "ನಾನು ಬರಲ್ಲ" ಅಂತ ನಿಂತುಬಿಟ್ಟ. ಅಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಹೇಗೋ ಒಳಗೆ ಕರೆತಂದರು. ಹೆದರಿಕೆಗೆ ಅವನ ಅಂಗೈ ಬೆವೆತಿತ್ತು. ಒಂದು ಚಿಟ್ಟೆ ಬಂದು ಅಲ್ಲೇ ಕೂತಿತು, ಸುರುಳಿ ಸುತ್ತಿದ್ದ ನಾಲಿಗೆ ಬಿಚ್ಚಿ ಬೆವರನ್ನು ತಟ್ಟಿ ತಟ್ಟಿ ನೋಡಿತು. "ಕಚ್ಚಲ್ವಾ?" ಅಂದ. "ಕಚ್ಚೋಕೆ ಅದಕ್ಕೆ ಹಲ್ಲೇ ಇಲ್ಲ ಕಣೋ, ನಿನ್ನ ಕೈಯಲ್ಲಿರೋ ಉಪ್ಪು ಬೇಕಂತೆ" ಅಂದರು ಅಕ್ಕ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನದೇ ಮಾತು. ಬೇರೆಯವರಿಗೆ ಬಾಯಿ ಬಿಡೋಕೆ ಬಿಡಲಿಲ್ಲ.

ಗಲಾಟೆ, ವಾಂತಿ, ಕಳೆದುಹೋದ ನೀರಿನ ಬಾಟಲಿ ಎಲ್ಲ ಇದ್ದದ್ದೇ. ಚಿಟ್ಟೆಗಳಿಗೂ ಒಂದಿಷ್ಟು ಕಿರಿಕಿರಿ ಆಗುತ್ತದೇನೋ. ವರ್ಷಕ್ಕೊಂದು ಸಲ ತಾನೇ, ನಡೆಯುತ್ತೆ ಬಿಡಿ.

ವಿರೋಧ: ಕಂಬಳಿಹುಳ ಎಲ್ಲಿ?
(ಒಬ್ಬ ಪ್ರೈಮರಿ ಟೀಚರ್)

ಚಿಟ್ಟೆ ತೋರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಬಸ್ಸು ಹತ್ತಿಸಿ ತೋರಿಸಬೇಡಿ ಅಂತಿದ್ದೇನೆ. ಇದು ನನ್ನ ಹಟ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತು.

ಎಷ್ಟೋ ಜಾತಿಯ ಚಿಟ್ಟೆಗಳಿಗೆ ರೆಕ್ಕೆ ಬಂದ ಮೇಲೆ ಉಳಿಯುವುದು ಎರಡರಿಂದ ನಾಲ್ಕು ವಾರ. ತಿನ್ನುವುದು, ಬೆಳೆಯುವುದು, ಪೊರೆ ಬಿಡುವುದು ಎಲ್ಲ ಹುಳವಾಗಿದ್ದಾಗಲೇ. ಆ ಹುಳ ಫಾರ್ಮಿನಲ್ಲಿ ಎಲ್ಲಿ? ಎಷ್ಟೋ ಕಡೆ ಪ್ಯೂಪಾಗಳು ಬೇರೆ ದೇಶದಿಂದ ಪೆಟ್ಟಿಗೆಯಲ್ಲಿ, ವಿಮಾನದಲ್ಲಿ ಬರುತ್ತವೆ. ಕೋಸ್ಟರಿಕಾದಲ್ಲಿ ಅವನ್ನು ಸಾಕಿ ಕಳಿಸುವುದೇ ಒಂದು ಕಸುಬು. ಬಂದವನ್ನು ಸಾಲಾಗಿ ಕಡ್ಡಿಗೆ ಅಂಟಿಸಿ ಗಾಜಿನ ಹಿಂದೆ ನೇತುಹಾಕುತ್ತಾರೆ. ಅಮೆರಿಕದಲ್ಲಿ ಹೊರದೇಶದ ಚಿಟ್ಟೆ ಇಟ್ಟಿರುವ ಕಡೆ ಅವುಗಳ ಮರಿ ತಿನ್ನುವ ಗಿಡವನ್ನೇ ಸಾಮಾನ್ಯವಾಗಿ ಒಳಗೆ ಇಡುವ ಹಾಗಿಲ್ಲ. ಮರಿ ಹೆಚ್ಚಿ, ಹೊರಗೆ ಹೋಗಿ, ಬೆಳೆಗೆ ಬಿದ್ದರೆ ಅನ್ನೋ ಭಯ. ಸರಿ, ಹಾಗಾದರೆ ಮಗು ನೋಡಿದ್ದೇನು? ನೇತುಹಾಕಿದ ಪ್ಯೂಪಾ, ಆಮೇಲೆ ಹಾರುವ ಚಿಟ್ಟೆ. ಹುಳ ಎಲ್ಲಿ? ಅದು ತಿಂದ ಎಲೆ ಎಲ್ಲಿ?

ನಮ್ಮ ಕ್ಲಾಸಿನ ಹೊರಗೆ ಕುಂಡದಲ್ಲಿ ಒಂದು ನಿಂಬೆ ಗಿಡ ಇದೆ. ಅದರ ಚಿಗುರಿನ ಮೇಲೆ ಒಂದು ಸಲ ಹಳದಿ ಚುಕ್ಕೆಗಳು ಕಂಡವು. ಮೊಟ್ಟೆ. ಹೊರಗೆ ಬಂದ ಹುಳ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದಿತು. ಮಾರನೇ ದಿನ "ಮಿಸ್, ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ" ಅಂತ ದೂರು ಬಂತು. ಹಕ್ಕಿಯೂ ಹಾಗೇ ಅಂದುಕೊಂಡು ಬಿಟ್ಟು ಹೋಗಲಿ ಅಂತಲೇ ಆ ಕಪ್ಪು-ಬಿಳಿ ವೇಷ. ಪೊರೆ ಬಿಡುತ್ತಾ ಬಿಡುತ್ತಾ ಕೊನೆಗೆ ಪೂರ್ತಿ ಹಸಿರಾಯಿತು. ಒಬ್ಬಳು ಪೆನ್ಸಿಲ್ ತುದಿಯಲ್ಲಿ ಮುಟ್ಟಿದಳು ನೋಡಿ, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿತು, ಜೊತೆಗೆ ಘಾಟು ವಾಸನೆ. ಕ್ಲಾಸಿಗೆ ಕ್ಲಾಸೇ ಮೂಗು ಮುಚ್ಚಿಕೊಂಡು ಕಿರುಚಿತು. ಪಕ್ಕದ ಕ್ಲಾಸಿನ ಮೇಷ್ಟ್ರು ಏನಾಯ್ತು ಅಂತ ಓಡಿ ಬಂದರು.

ಆಮೇಲೆ ಒಂದು ಪ್ಯೂಪಾದಿಂದ ಚಿಟ್ಟೆ ಬದಲು ಪುಟ್ಟ ಕಣಜಗಳು ಹೊರಬಂದವು. ಚಿಟ್ಟೆಯಾಗುವ ಮೊದಲೇ ಕಣಜ ಅದರ ಮೈಯೊಳಗೆ ಮೊಟ್ಟೆ ಇಟ್ಟು ಹೋಗಿತ್ತು, ಕಣಜದ ಮರಿಗಳು ಅದನ್ನು ಒಳಗಿಂದಲೇ ತಿಂದಿದ್ದವು. ಕೆಲವರು ಅತ್ತರು. "ಕಣಜ ಕೆಟ್ಟದು" ಅಂದ ಒಬ್ಬ. "ಅದರ ಮರಿಗೂ ಊಟ ಬೇಡ್ವಾ?" ಅಂದಳು ಇನ್ನೊಬ್ಬಳು. ಗಣಿತದ ಪೀರಿಯಡ್ ಪೂರ್ತಿ ಇದೇ ಜಗಳ. ನಾನು ತಡೆಯಲಿಲ್ಲ. ಫಾರ್ಮಿನಲ್ಲಿ ಈ ಜಗಳ ಹುಟ್ಟುತ್ತಾ? ಅಲ್ಲಿ ಕಣಜವನ್ನೂ ಜೇಡವನ್ನೂ ಒಳಗೆ ಬಿಟ್ಟುಕೊಳ್ಳಲ್ಲ, ಸತ್ತ ಚಿಟ್ಟೆಯನ್ನು ಮಕ್ಕಳು ಬರುವ ಮೊದಲೇ ಗುಡಿಸಿಬಿಟ್ಟಿರುತ್ತಾರೆ.

ಸಾಲಲ್ಲಿ ಬನ್ನಿ, ಮುಟ್ಟಬೇಡಿ, ತುಳೀಬೇಡಿ, ಮುಂದೆ ಹೋಗಿ. ಇದೇ ಅಲ್ಲಿನ ಪಾಠ. ನೀಲಿ ಮಾರ್ಫೋ ಅನ್ನೋ ಚಿಟ್ಟೆ ಹಾರಿದರೆ ಎಲ್ಲರೂ "ಹೋ" ಅಂತಾರೆ. ಆ ನೀಲಿ ಯಾವ ಬಣ್ಣದ ಪುಡಿಯಿಂದಲೂ ಬಂದದ್ದಲ್ಲ, ರೆಕ್ಕೆಯ ಹುರುಪೆಗಳ ಮೇಲಿನ ಸೂಕ್ಷ್ಮ ಏಣುಗಳು ಬೆಳಕನ್ನು ಹಾಗೆ ತಿರುಗಿಸುತ್ತವೆ. ರೆಕ್ಕೆ ಮಡಚಿ ಕೂತರೆ ಬರೀ ಕಂದು. ಇಷ್ಟು ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಬೇರೆ ಶಾಲೆಯವರು ಹಿಂದೆ ಬಂದು ನಿಂತಿರುತ್ತಾರೆ. ಆಮೇಲೆ ಗಿಫ್ಟ್ ಅಂಗಡಿ. ಮಕ್ಕಳು ಜಾಸ್ತಿ ಹೊತ್ತು ಕಳೆಯುವುದು ಅಲ್ಲೇ.

ಹೆದರುವ ಮಕ್ಕಳಿಗೆ ಧೈರ್ಯ ಬರುತ್ತೆ ಅಂತಾರೆ. ಅಂಗೈ ಮೇಲೆ ಒಂದು ಚಿಟ್ಟೆ ಕೂತ ಕೂಡಲೇ ಮಕ್ಕಳೆಲ್ಲ ಕೀಟತಜ್ಞರಾಗಿ ಬಸ್ಸು ಇಳಿಯುವುದಾದರೆ ನಮ್ಮಂಥ ಟೀಚರುಗಳು ಯಾಕೆ ಬೇಕು, ಹೇಳಿ?

ಅಂಗಳ ಇಲ್ಲದ ಶಾಲೆ ಏನು ಮಾಡಬೇಕು ಅಂತ ಕೇಳುತ್ತಾರೆ. ಬಿಸಿಲು ಬೀಳುವ ಜಾಗದಲ್ಲಿ ಒಂದು ಕುಂಡ ಇಡಿ. ತಾಯಿಚಿಟ್ಟೆ ಎಲೆಯ ರುಚಿಯನ್ನು ಕಾಲಿನಿಂದಲೇ ನೋಡಿ ಮರಿಗೆ ಬೇಕಾದ ಗಿಡವನ್ನು ಗುರುತಿಸುತ್ತದೆ, ಅದಕ್ಕೆ ನಿಮ್ಮ ಅಂಗಳ ಬೇಕಿಲ್ಲ. ಎಲೆ ತೂತಾಗಿದೆ ಅಂತ ಯಾರಾದರೂ ಔಷಧಿ ಹೊಡೆಯಲು ಬಂದರೆ ಮಾತ್ರ ಮೊದಲು ಅವರನ್ನು ತಡೆಯಿರಿ.