ಹಳದಿ ಗೆರೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ

ಅಮೆರಿಕದಲ್ಲಿರುವ ನಮ್ಮವರು ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ ಸುತ್ತಿ ಬಂದರೆ ಒಂದು ಫೋಟೋ ಹಾಕಿಯೇ ಹಾಕುತ್ತಾರೆ. ಯೂಟಾ ರಾಜ್ಯದ ಯುಎಸ್ 163 ಹೆದ್ದಾರಿ, 13ನೇ ಮೈಲಿಗಲ್ಲಿನ ಹತ್ತಿರ, ಹಳದಿ ನಡುಗೆರೆಯ ಮೇಲೆ ಕೈ ಚಾಚಿ ನಿಂತವರು, ಹಿಂದೆ ಮರಳುಗಾಡಿನ ಕೆಂಪು ಬಂಡೆಗಳು. 'ಫಾರೆಸ್ಟ್ ಗಂಪ್' ಸಿನಿಮಾದ ನಾಯಕ ತನ್ನ ಓಟ ನಿಲ್ಲಿಸುವುದು ಇಲ್ಲೇ, ಹಾಗಾಗಿ ಫಾರೆಸ್ಟ್ ಗಂಪ್ ಪಾಯಿಂಟ್ ಅಂತಲೇ ಆ ಜಾಗ ಪ್ರಸಿದ್ಧ. ಚೆಂದವೇನೋ ಹೌದು. ಆದರೆ ಅದು ಲಾರಿ, ಆರ್‌ವಿಗಳು (ಮನೆಯಂಥ ದೊಡ್ಡ ಪ್ರವಾಸಿ ವಾಹನಗಳು) ಓಡಾಡುವ, ಡಿವೈಡರ್ ಇಲ್ಲದ ಎರಡೇ ಲೇನಿನ ಹೆದ್ದಾರಿ.

"ದೂರದಿಂದಲೇ ಕಾಣುತ್ತಲ್ಲ, ಗಾಡಿ ಬಂದಾಗ ಸರಿದರಾಯ್ತು" ಅನ್ನುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಗಾಡಿ ಗಂಟೆಗೆ 65 ಮೈಲಿಯಲ್ಲಿ ಬರುತ್ತಿದೆ ಅಂದರೆ ಸೆಕೆಂಡಿಗೆ 29 ಮೀಟರ್. ನೇರ ನಮ್ಮತ್ತಲೇ ಬರುವ ಗಾಡಿಯ ವೇಗ ಕಣ್ಣಿಗೆ ಗೊತ್ತಾಗುವುದು ಅದು ದೊಡ್ಡದಾಗುತ್ತಾ ಹೋಗುವುದರಿಂದ ಮಾತ್ರ. ದೂರ ಅರ್ಧವಾದಾಗ ಗಾತ್ರ ದುಪ್ಪಟ್ಟು. 800 ಮೀಟರಿನಿಂದ 400ಕ್ಕೆ ಬರಲು ಸುಮಾರು 14 ಸೆಕೆಂಡ್ ಬೇಕು, 400ರಿಂದ 200ಕ್ಕೆ 7, ಅಲ್ಲಿಂದ 100ಕ್ಕೆ ಬರೀ ಮೂರೂವರೆ. ನಿಂತಲ್ಲೇ ನಿಂತ ಹಾಗಿದ್ದ ಚುಕ್ಕೆ ನೋಡನೋಡುತ್ತಲೇ ಮೈಮೇಲೆ ಬಂದಿರುತ್ತದೆ.

ಚಾಲಕನ ಲೆಕ್ಕ ಇನ್ನೂ ಬಿಗಿ. ಈ ವೇಗಕ್ಕೆ ಅಲ್ಲಿನ ರಸ್ತೆ ಎಂಜಿನಿಯರುಗಳು ಹಿಡಿಯುವ ನಿಲುಗಡೆ ದೂರ 645 ಅಡಿ, ಹತ್ತಿರಹತ್ತಿರ 197 ಮೀಟರ್. ಅದರಲ್ಲಿ 73 ಮೀಟರ್ ಬ್ರೇಕ್ ಒತ್ತುವ ಮೊದಲೇ ಖರ್ಚಾಗಿರುತ್ತದೆ. ಇದೂ ಸಮತಟ್ಟು ರಸ್ತೆಯ ಮಾತು. ಮೆಕ್ಸಿಕನ್ ಹ್ಯಾಟ್ ಎಂಬ ಊರಿನ ಕಡೆಯಿಂದ ಬರುವವರಿಗೆ ಇಲ್ಲಿ ಇಳಿಜಾರು. ಕ್ಯಾಮೆರಾ ಹಿಡಿದವರ ಬೆನ್ನು ಇರುವುದೂ ಅದೇ ದಿಕ್ಕಿಗೆ! ಚಳಿಗಾಲದ ಸಂಜೆಯಾದರೆ ಆ ಚಾಲಕನ ಕಣ್ಣಿಗೆ ಸೂರ್ಯ ಬೇರೆ ಹೊಡೆಯುತ್ತಿರುತ್ತಾನೆ.

ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೊಂದು ಎಚ್ಚರ. ರಸ್ತೆಗೆ ಕಾಲಿಡುವಾಗ ನಮ್ಮವರ ಕತ್ತು ಅಭ್ಯಾಸಬಲದಿಂದ ಮೊದಲು ಬಲಕ್ಕೆ ತಿರುಗುತ್ತದೆ. ಅಲ್ಲಿ ಹತ್ತಿರದ ಲೇನಿನ ಗಾಡಿ ಬರುವುದು ಎಡದಿಂದ.

ಫೋಟೋ ಬೇಡ ಅನ್ನುತ್ತಿಲ್ಲ. ಕಾರನ್ನು ರಸ್ತೆಯಂಚಿನ ಬಿಳಿ ಗೆರೆಯಿಂದ ಪೂರ್ತಿ ಆಚೆಗೆ, ಗಟ್ಟಿ ನೆಲ ನೋಡಿ ನಿಲ್ಲಿಸಿ, ರಸ್ತೆಯ ಕಡೆಯ ಬಾಗಿಲು ತೆರೆಯದೆ ಇಳಿಯಿರಿ. ಗೆರೆಯಾಚೆಯೇ ನಿಂತು ಫೋನಿನ 3x ಜೂಮ್ ಅಥವಾ 100-200 ಎಂಎಂ ಲೆನ್ಸ್ ಹಾಕಿ. ವೈಡ್ ಲೆನ್ಸಿನಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಬಂಡೆಗಳು ಆಗ ಎದ್ದು ಕಾಣುತ್ತವೆ, ಫೋಟೋನೂ ಎಲ್ಲರ ಫೋಟೋದಂತೆ ಇರುವುದಿಲ್ಲ. ಬೆಳಗ್ಗೆ ಹೋದರೆ ಬಂಡೆಗಳ ಮೇಲೆ ನೇರ ಬಿಸಿಲೂ ಸಿಗುತ್ತದೆ.

ಜಾಗ ದಾಟಿ ಮುಂದೆ ಹೋದಿರೋ, ಗಕ್ಕನೆ ಬ್ರೇಕ್ ಹಾಕಬೇಡಿ, ರಿವರ್ಸ್ ಅಂತೂ ಬೇಡವೇ ಬೇಡ; ಮುಂದೆ ಅಗಲ ಜಾಗದಲ್ಲಿ ತಿರುಗಿಸಿಕೊಂಡು ಬನ್ನಿ. ನೋಟದಲ್ಲಿ ಮೈಮರೆತು ಬಲಗಡೆ ಚಕ್ರ ಡಾಂಬರಿನಿಂದ ಕೆಳಗಿಳಿದರೆ ಸ್ಟೀರಿಂಗ್ ಎಳೆಯಬಾರದು. ಡಾಂಬರಿನ ಅಂಚಿಗೆ ಉಜ್ಜುತ್ತಿದ್ದ ಟೈರ್ ತಟ್ಟನೆ ಮೇಲೇರಿದಾಗ, ತಿರುಗಿಸಿಟ್ಟ ಚಕ್ರ ಕಾರನ್ನು ಎದುರಿನ ಲೇನಿಗೆ ನುಗ್ಗಿಸುತ್ತದೆ. ಆಕ್ಸಿಲರೇಟರ್ ಬಿಟ್ಟು, ನೇರ ಹಿಡಿದು, ವೇಗ ಪೂರಾ ಇಳಿದ ಮೇಲೆ ನಿಧಾನ ಹತ್ತಿಸಿ.

ಕತ್ತಲಾದ ಮೇಲೆ ಇಲ್ಲಿನ ನವಾಹೋ ಮೂಲನಿವಾಸಿಗಳ ಪ್ರದೇಶದ ರಸ್ತೆಗಳಲ್ಲಿ ಕುದುರೆ, ದನ, ಕುರಿ ಅಡ್ಡ ಬರುತ್ತವೆ. ಎದುರು ಗಾಡಿ ಇಲ್ಲದಾಗ ಹೈಬೀಮ್ ಹಾಕಿ, ವೇಗವನ್ನು ಬೆಳಕು ತಲುಪುವಷ್ಟರೊಳಗೆ ನಿಲ್ಲಿಸುವ ಮಟ್ಟಕ್ಕೆ ಇಳಿಸಿ. ಒಂದು ದನ ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ, ಹಿಂದೆ ಇನ್ನೊಂದು ಇರುತ್ತದೆ.